ಡಬ್ಬಿ ಹುಡುಕಲು ಒಂದು, ಮನೆಗೆ ಮರಳಲು ಇನ್ನೊಂದು

ಡಬ್ಬಿ ಸಿಕ್ಕಿತು, ಕಾರು ಸಿಗಲಿಲ್ಲ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ದೂರದ ಟಿಲ್ಲಮೂಕ್ ಕಾಡಿನಲ್ಲಿ, ನವೆಂಬರ್ ಕೊನೆಯ ಒಂದು ಶನಿವಾರ ನಡೆದ ಮಾತಿದು. ಉರುಳಿಬಿದ್ದ ಡಗ್ಲಸ್ ಫರ್ ಮರದ ಬೇರಿನ ಸಂದಿಯಲ್ಲಿ ಪಾಚಿ ಹೊದ್ದು ಕೂತಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಹೊರಗೆಳೆದು, ಅದರೊಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಒಂದು ಫೋಟೊ ತೆಗೆಯೋಣವೆಂದು ಫೋನ್ ಎತ್ತಿದೆ. ಅದು ಕಪ್ಪಾಯಿತು, ಮತ್ತೆ ಏಳಲಿಲ್ಲ. ನಾನು ಬಂದ ದಾರಿಯೂ ಕಾರು ನಿಲ್ಲಿಸಿದ ಜಾಗವೂ ಮನೆಯವರ ದೂರವಾಣಿ ಸಂಖ್ಯೆಗಳೂ ಅದರೊಳಗೇ ಇದ್ದವು. ನಾಲ್ಕೂವರೆಗೆಲ್ಲ ಕತ್ತಲು ಕವಿಯುವ ಕಾಲ. ಇಪ್ಪತ್ತು ನಿಮಿಷದ ಹಾದಿಯನ್ನು ಹಳ್ಳದ ಸದ್ದು ಹಿಡಿದು ಒಂದೂವರೆ ಗಂಟೆ ತಡವರಿಸಿ ನಡೆದೆ. ಕಾರಿನ ಬಿಸಿಗಾಳಿಗೆ ಹತ್ತು ನಿಮಿಷ ಒಡ್ಡಿದ ಮೇಲೆ ಅದೇ ಫೋನ್ ಕಣ್ತೆರೆದು ಇನ್ನೂ ಶೇಕಡಾ 14 ಶಕ್ತಿ ಉಳಿದಿದೆ ಎಂದು ತೋರಿಸಿತು. ಮನೆಯಲ್ಲಿ ಅಷ್ಟು ಹೊತ್ತಿಗೆ ಯಾರಿಗೆ ಕರೆ ಮಾಡಬೇಕೆಂದು ಪಟ್ಟಿ ಬರೆಯುತ್ತಿದ್ದರು.

ಜಿಯೋಕ್ಯಾಶಿಂಗ್ ಎಂಬ ಈ ಹವ್ಯಾಸಕ್ಕೆ ಹೊಸದಾಗಿ ಬರುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಒಂದಿದೆ: ಕೈಯಲ್ಲಿರುವ ಸ್ಮಾರ್ಟ್‌ಫೋನ್ ಸಾಕೇ, ಇಲ್ಲ ದಾರಿ ತೋರಿಸುವುದಕ್ಕೆಂದೇ ಮಾಡಿದ ಕೈಜಿಪಿಎಸ್ ಒಂದನ್ನು ಕೊಳ್ಳಬೇಕೇ? ಕೇಳುವವರು ಹೆಚ್ಚುಕಡಿಮೆ ಎಲ್ಲರೂ ನಿಖರತೆಯ ಬಗ್ಗೆ ಕೇಳುತ್ತಾರೆ. ಯಾವುದು ಹೆಚ್ಚು ಕರಾರುವಾಕ್ಕು, ಎಷ್ಟು ಮೀಟರ್ ಹತ್ತಿರಕ್ಕೆ ಒಯ್ಯುತ್ತದೆ? ನಾನೂ ಹಾಗೇ ಕೇಳಿದ್ದೆ. ಫೋನ್ ಸಾಕು ಎಂಬ ಉತ್ತರ ಬಂದಿತ್ತು. ಆ ಉತ್ತರ ಸುಳ್ಳಲ್ಲ. ಆದರೆ ಡಬ್ಬಿಯ ಮುಂದೆ ಕೂತು ದಾರಿ ತಪ್ಪಿದವನಿಗೆ ಆ ನಿಖರತೆಯಿಂದ ಏನೂ ಆಗಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ ಇತ್ತು. ಅದಕ್ಕೆ ಬರುವ ಮೊದಲು ನಿಖರತೆಯ ಲೆಕ್ಕವನ್ನೂ ಸರಿಯಾಗಿ ಮಾಡಿಬಿಡಬೇಕು, ಯಾಕೆಂದರೆ ಅಲ್ಲೂ ನಾವು ತಪ್ಪು ಮನುಷ್ಯನ ಕೈಗೆ ಒಳ್ಳೆಯ ಉಪಕರಣ ಕೊಡುತ್ತಿದ್ದೇವೆ.

ಜಿಯೋಕ್ಯಾಶಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ ರೇಖಾಂಶಗಳ ಸುಳಿವಿನಿಂದ ಇನ್ನೊಬ್ಬರು ಹುಡುಕುವ ಆಟವಿದು. ಇಲ್ಲಿನ ಕ್ಯಾಶ್ ನಮ್ಮ ಜೇಬಿನ ಕ್ಯಾಶ್ ಅಲ್ಲ. ಬಚ್ಚಿಡು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಆಟ ಹುಟ್ಟಿದ್ದು ಇದೇ ಆರೆಗಾನ್‌ನಲ್ಲಿ. 2000ದ ಮೇ ತಿಂಗಳವರೆಗೆ ಅಮೆರಿಕದ ಸೇನೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ತೋರಿಸಿದ ಜಾಗಕ್ಕೂ ನಿಂತ ಜಾಗಕ್ಕೂ 100 ಮೀಟರಿನವರೆಗೆ ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಮೇ 1ರ ನಡುರಾತ್ರಿ ಆ ಬೆರಕೆ ನಿಂತಿತು. ಮೇ 3ರಂದು ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ತಜ್ಞ ಬೀವರ್‌ಕ್ರೀಕ್ ಎಂಬ ಊರಿನ ಬಳಿ ಕಾಡಿನಂಚಿನಲ್ಲಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು, ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ ಎಂದು ಅಂತರ್ಜಾಲದಲ್ಲಿ ಸಾರಿದ. ಬಕೆಟ್ಟಿನಲ್ಲಿ ಪುಸ್ತಕ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು ಇದ್ದವು. ಮೂರು ದಿನದೊಳಗೆ ಇಬ್ಬರು ಅದನ್ನು ಹುಡುಕಿದ್ದರು. ಇಂದು ಲೋಕದಲ್ಲಿ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಆಗ ಫೋನೋ ಕೈಜಿಪಿಎಸ್ಸೋ ಎಂಬ ಪ್ರಶ್ನೆಯೇ ಇರಲಿಲ್ಲ. ಜಿಪಿಎಸ್ ಇದ್ದ ಮೊದಲ ಐಫೋನ್ ಬಂದದ್ದು 2008ರ ಜುಲೈನಲ್ಲಿ. ಅಲ್ಲಿಯವರೆಗೆ ಡಬ್ಬಿ ಹುಡುಕುವವರ ಕೈಯಲ್ಲಿ ಇದ್ದದ್ದು ಗಾರ್ಮಿನ್, ಮಗೆಲನ್ ಮುಂತಾದ ಕಂಪನಿಗಳ ಗಟ್ಟಿಮುಟ್ಟಾದ ಪೆಟ್ಟಿಗೆಗಳು. ಹಳಬರಿಗೆ ಕೈಜಿಪಿಎಸ್ ಮೇಲೆ ಇರುವ ಮಮತೆಯಲ್ಲಿ ಆ ನೆನಪಿನ ಪಾಲೂ ಇದೆ. ಮಮತೆಯನ್ನು ವಾದ ಎಂದುಕೊಳ್ಳಬಾರದು.

ಈಗ ಲೆಕ್ಕ. ಅಮೆರಿಕ ಸರ್ಕಾರದ ಜಿಪಿಎಸ್ ಮಾಹಿತಿ ತಾಣ ಕೊಡುವ ಅಂಕಿ ಇದು: ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ನಿಖರತೆ ಸಾಮಾನ್ಯವಾಗಿ 4.9 ಮೀಟರ್ ಒಳಗೆ. ಬಯಲಿನಲ್ಲಿ ಕೈಜಿಪಿಎಸ್ ಇದಕ್ಕಿಂತ ಬಹಳ ಮುಂದೇನೂ ಇಲ್ಲ. ಇನ್ನು ಡಬ್ಬಿಯ ವಿಳಾಸವನ್ನು ಬರೆಯುವ ರೀತಿ ನೋಡಿ. ಡಿಗ್ರಿ, ನಿಮಿಷ, ನಿಮಿಷದ ಮೂರು ದಶಾಂಶ. ಆ ಕೊನೆಯ ಅಂಕಿ ಒಂದು ಏರಿದರೆ ಉತ್ತರ ದಕ್ಷಿಣವಾಗಿ 1.85 ಮೀಟರ್ ಸರಿದಂತೆ. ಅಂದರೆ ಬರೆದ ವಿಳಾಸವೇ ಎರಡು ಮೀಟರಿನ ಹತ್ತಿರದ ಮೆಟ್ಟಿಲುಗಳಲ್ಲಿ ಮಾತಾಡುತ್ತದೆ. ಮಿಲಿಮೀಟರ್ ಅಳೆಯುವ ಉಪಕರಣ ತಂದರೂ ಅದಕ್ಕಿಂತ ಸೂಕ್ಷ್ಮವಾದ ವಿಳಾಸ ಅಲ್ಲಿಲ್ಲ.

ತೆರೆಯ ಮೇಲೆ ‘3 ಮೀಟರ್’ ಎಂದು ತೋರಿಸುವ ಅಂಕಿಯನ್ನೂ ನಾವು ಅದರ ಯೋಗ್ಯತೆಗಿಂತ ಹೆಚ್ಚು ನಂಬುತ್ತೇವೆ. ಆಂಡ್ರಾಯ್ಡ್ ಫೋನಿನಲ್ಲಿ ಆ ಅಂಕಿಯ ಅರ್ಥ, ನೀವು ಆ ವೃತ್ತದೊಳಗೆ ಇರುವ ಸಂಭವ ಶೇಕಡಾ 68 ಎಂದು. ಮೂರು ಸಲಕ್ಕೆ ಒಂದು ಸಲ ನೀವು ವೃತ್ತದ ಹೊರಗಿದ್ದೀರಿ. ಅದು ಅಳತೆಯಲ್ಲ, ಉಪಕರಣ ತನ್ನ ಬಗ್ಗೆ ತಾನೇ ಮಾಡಿಕೊಂಡ ಅಂದಾಜು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ಪ್ರತಿ ಹುಡುಕಾಟದಲ್ಲೂ ಎರಡು ದೋಷಗಳಿರುತ್ತವೆ: ಬಚ್ಚಿಟ್ಟವರದು, ಹುಡುಕುವವರದು. ಇಬ್ಬರದೂ ಐದೈದು ಮೀಟರ್ ಆಗಿದ್ದರೆ ಒಟ್ಟು ವ್ಯತ್ಯಾಸ ಸಾಮಾನ್ಯವಾಗಿ ಏಳು ಮೀಟರಿನಷ್ಟಾಗುತ್ತದೆ. ನಾನು ಐನೂರು ಡಾಲರ್ ಸುರಿದು ನನ್ನ ದೋಷವನ್ನು ಐದರಿಂದ ಎರಡಕ್ಕೆ ಇಳಿಸಿಕೊಂಡೆ ಎನ್ನೋಣ. ಒಟ್ಟು ವ್ಯತ್ಯಾಸ ಏಳರಿಂದ ಐದು ಚಿಲ್ಲರೆಗೆ ಇಳಿಯುತ್ತದೆ, ಅಷ್ಟೆ. ಬಚ್ಚಿಟ್ಟವರ ಐದು ಮೀಟರ್ ನನ್ನ ಹಣದಿಂದ ಕರಗುವುದಿಲ್ಲ. ಹಾಗಾಗಿ ಬರೀ ಹುಡುಕುವ ಸಲುವಾಗಿ, ಬರೀ ನಿಖರತೆಯ ಸಲುವಾಗಿ ಕೈಜಿಪಿಎಸ್ ಕೊಳ್ಳುವುದಕ್ಕೆ ನಾನು ಯಾರಿಗೂ ಸಲಹೆ ಕೊಡಲಾರೆ.

ಕಾಡಿನಲ್ಲಿ, ಬಂಡೆಯ ಬುಡದಲ್ಲಿ ಮಾತು ಸ್ವಲ್ಪ ಬೇರೆ. ಪೋರ್ಟ್‌ಲ್ಯಾಂಡಿನ ಪೂರ್ವಕ್ಕೆ ಕೊಲಂಬಿಯಾ ನದಿ ಕೊರೆದ ಕಮರಿಯಿದೆ. ಎರಡೂ ಕಡೆ ಕಪ್ಪು ಬಸಾಲ್ಟ್ ಗೋಡೆಗಳು. ಅಲ್ಲಿ ಫೋನ್ ಹಿಡಿದರೆ ನಾವು ನಿಂತಲ್ಲೇ ನಿಂತಿದ್ದರೂ ತೆರೆಯ ಮೇಲಿನ ಚುಕ್ಕೆ ಮೂವತ್ತು ಮೀಟರ್ ಆಚೆ ಈಚೆ ಅಲೆಯುತ್ತದೆ. ಕಾರಣ ಸೊಗಸಾಗಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವಾಗ ಒಂದು ವ್ಯಾಟಿನ ನೂರು ಕೋಟಿ ಕೋಟಿಯ ಒಂದು ಪಾಲಿನಷ್ಟು ಕ್ಷೀಣವಾಗಿರುತ್ತದೆ. ಒದ್ದೆ ಎಲೆಗಳಲ್ಲಿರುವ ನೀರು ಅದನ್ನೂ ಹೀರುತ್ತದೆ. ಬಂಡೆ ಅದನ್ನು ಪ್ರತಿಫಲಿಸುತ್ತದೆ. ಪ್ರತಿಫಲಿಸಿ ಬಂದ ಸಂಕೇತ ಉದ್ದ ದಾರಿ ಬಳಸಿ ಬಂದಿರುವುದರಿಂದ ಉಪಗ್ರಹ ಇನ್ನಷ್ಟು ದೂರವಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಂದು ನ್ಯಾನೋಸೆಕೆಂಡ್ ತಡವಾದರೆ 30 ಸೆಂಟಿಮೀಟರ್ ತಪ್ಪು.

ಉಪಗ್ರಹದಿಂದ ಹೊರಟ ಅಲೆ ಬಲಸುತ್ತಿನದು, ಬಲಮುರಿ ಶಂಖದ ಹಾಗೆ. ಕನ್ನಡಿಯಲ್ಲಿ ಬಲಮುರಿ ಎಡಮುರಿಯಾಗಿ ಕಾಣುವಂತೆ, ಬಂಡೆಗೆ ಬಡಿದು ಬಂದ ಅಲೆ ಎಡಸುತ್ತಿಗೆ ತಿರುಗುತ್ತದೆ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ ಸರಣಿಯ ನೆತ್ತಿಯ ಮೇಲೆ ಮೊಂಡು ಬೆರಳಿನಂತೆ ಎದ್ದು ನಿಂತ ಆ್ಯಂಟೆನಾ ಸುರುಳಿಯಾಕಾರದ್ದು. ಬಲಮುರಿಯನ್ನು ಒಳಗೆ ಬಿಟ್ಟುಕೊಂಡು ಎಡಮುರಿಯನ್ನು ಬಹುಪಾಲು ಹೊರಗೇ ನಿಲ್ಲಿಸುತ್ತದೆ. ಫೋನಿನ ಅಂಚಿನಲ್ಲಿ ಹುದುಗಿದ ತೆಳ್ಳನೆಯ ಆ್ಯಂಟೆನಾಕ್ಕೆ ಈ ವಿವೇಕವಿಲ್ಲ. ಎರಡನ್ನೂ ಒಂದೇ ಸಮ ಬರಮಾಡಿಕೊಳ್ಳುತ್ತದೆ. ಹಿಡಿದ ಕೈಯೇ ಅದನ್ನು ಅರ್ಧ ಮುಚ್ಚಿಯೂ ಇರುತ್ತದೆ.

ಆದರೆ ಈ ಅಂತರವೂ ಕಿರಿದಾಗುತ್ತಿದೆ. 2018ರಲ್ಲಿ ಬಂದ ಶಿಯೋಮಿ ಮಿ 8 ಎರಡು ತರಂಗಾಂತರಗಳಲ್ಲಿ ಉಪಗ್ರಹಗಳನ್ನು ಆಲಿಸುವ ಮೊದಲ ಫೋನ್. ಹಳೆಯ ಎಲ್1 ಜತೆಗೆ ಎಲ್5 ಸಂಕೇತವನ್ನೂ ಕೇಳುವುದರಿಂದ ನೇರವಾಗಿ ಬಂದದ್ದನ್ನೂ ಬಂಡೆಗೆ ಬಡಿದು ಬಂದದ್ದನ್ನೂ ಬೇರ್ಪಡಿಸುವುದು ಸುಲಭವಾಗುತ್ತದೆ. ಯಾಕೆಂದರೆ ಎಲ್5ರ ಸಂಕೇತದ ಮಿಡಿತ ಎಲ್1ರದಕ್ಕಿಂತ ಹತ್ತು ಪಟ್ಟು ವೇಗದ್ದು. ಗಾರ್ಮಿನ್‌ನ ಕೈಜಿಪಿಎಸ್‌ಗಳಿಗೆ ಈ ಗುಣ ಬಂದದ್ದು 2020ರಲ್ಲಿ. ಈ ಒಂದು ವಿಷಯದಲ್ಲಿ ಫೋನೇ ಮುಂದಿತ್ತು ಎಂಬುದನ್ನು ಕೈಜಿಪಿಎಸ್ ಪಕ್ಷಪಾತಿಗಳು ಹೇಳುವುದನ್ನು ನಾನು ಕೇಳಿಲ್ಲ.

ಫೋನಿನ ಪರವಾಗಿ ಇನ್ನೂ ಹೇಳುವುದಿದೆ, ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿರುವುದೇ. ಹಿಂದಿನವರು ಬರೆದ ಟಿಪ್ಪಣಿ, ಸುಳಿವು, ಚಿತ್ರ ಎಲ್ಲವೂ ಅಲ್ಲೇ ಸಿಗುತ್ತವೆ. ಡಬ್ಬಿ ಕಾಣೆಯಾಗಿದೆ ಎಂದು ನಿನ್ನೆ ಯಾರೋ ಬರೆದಿದ್ದರೆ ಇವತ್ತು ನಾವು ಬೆಟ್ಟ ಹತ್ತುವ ಮೊದಲೇ ತಿಳಿಯುತ್ತದೆ. ಜಿಪಿಎಸ್ ಉಪಗ್ರಹಗಳು ತಮ್ಮ ಪಥದ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ ಕಳಿಸುತ್ತವೆ. ಫೋನ್ ಅದನ್ನು ಕಾಯದೆ ನೆಟ್‌ವರ್ಕಿನಿಂದಲೇ ತರಿಸಿಕೊಂಡು ಕೆಲವೇ ಕ್ಷಣಗಳಲ್ಲಿ ಜಾಗ ಹೇಳುತ್ತದೆ. ಮಕ್ಕಳ ಜತೆ ಭಾನುವಾರ ಪಾರ್ಕಿಗೆ ಹೋಗಿ ಎರಡು ಡಬ್ಬಿ ಹುಡುಕಿ ಐಸ್‌ಕ್ರೀಮ್ ತಿಂದು ಬರುವ ಕುಟುಂಬಕ್ಕೆ ಕೈಜಿಪಿಎಸ್ ಮಾರುವುದು ಅನ್ಯಾಯ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಹೆದರಿಸುವವರೂ ಇದ್ದಾರೆ. ಅದು ತಪ್ಪು. ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಕೆಲಸ, ಅದಕ್ಕೆ ಟವರ್ ಬೇಡ. ಟವರ್ ಬೇಕಾಗುವುದು ನಕಾಶೆಗೆ. ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಟರೆ ಮುಗಿಯಿತು.

ಹಾಗಾದರೆ ಕೈಜಿಪಿಎಸ್ ಯಾರಿಗೆ? ಮೊದಲ ಉತ್ತರ: ಬಚ್ಚಿಡುವವರಿಗೆ.

ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಹುಡುಕುವವನ ತಪ್ಪು ಅವನೊಬ್ಬನ ಹತ್ತು ನಿಮಿಷವನ್ನು ತಿನ್ನುತ್ತದೆ. ಬಚ್ಚಿಟ್ಟವನ ತಪ್ಪು ಮುಂದೆ ಬರುವ ಪ್ರತಿಯೊಬ್ಬರ ಪಾಲಿಗೂ ಹಂಚಿಕೆಯಾಗುತ್ತದೆ, ವರ್ಷಾನುಗಟ್ಟಲೆ. ಬಲಿಯಾಗುವುದು ಸಮಯ ಮಾತ್ರವಲ್ಲ. ಆರೆಗಾನ್ ಕಾಡಿನ ನೆಲ ಪಾಚಿ, ಜರೀಗಿಡ, ಕೊಳೆತ ಮರದ ಮೆತ್ತನೆಯ ಹಾಸಿಗೆ. ಮೂರು ಮೀಟರ್ ದೋಷವಿದ್ದರೆ ಜನ ತಡಕುವ ವೃತ್ತದ ವಿಸ್ತೀರ್ಣ 28 ಚದರ ಮೀಟರ್. ಹತ್ತು ಮೀಟರ್ ದೋಷವಿದ್ದರೆ 314. ದೋಷ ಮೂರು ಪಟ್ಟು ಚಿಲ್ಲರೆ ಹೆಚ್ಚಾದರೆ ತುಳಿತಕ್ಕೆ ಸಿಗುವ ನೆಲ ಹನ್ನೊಂದು ಪಟ್ಟು ಹೆಚ್ಚುತ್ತದೆ. ತಪ್ಪು ವಿಳಾಸದ ಡಬ್ಬಿಯ ಸುತ್ತ ನೆಲ ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ: ಮಗುಚಿದ ಕಲ್ಲು, ಕಿತ್ತ ಪಾಚಿ, ಮುರಿದ ಜರಿ, ದನ ಮೇದ ಗದ್ದೆಯಂತೆ ಕಲಸಿದ ಮಣ್ಣು. ಕಾಡನ್ನು ಪ್ರೀತಿಸುವವರೇ ಮಾಡಿದ ಹಾನಿ ಅದು. ಹುಡುಕಿದವರಲ್ಲಿ ಯಾರ ತಪ್ಪೂ ಇರಲಿಲ್ಲ.

ಈ ಆಟದಲ್ಲಿ ನಾವು ಗುರುತಿಲ್ಲದವರಿಗೆ ಒಂದು ವಿಳಾಸ ಕೊಡುತ್ತೇವೆ. ಅವರು ನಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಕಾಡು ಹೊಗುತ್ತಾರೆ. ಹೇಳಿದ ಜಾಗ ಸರಿಯಾಗಿರಬೇಕೆಂಬುದು ಆತಿಥ್ಯದ ಕನಿಷ್ಠ ಮರ್ಯಾದೆ. ಫೋನ್ ತೆಗೆದು, ಅದು ಮೊದಲು ತೋರಿಸಿದ ಅಂಕಿಯನ್ನು ಬರೆದುಕೊಂಡು ಮನೆಗೆ ಹೋಗುವುದು ಆ ಮರ್ಯಾದೆಯಲ್ಲ. ಗಾರ್ಮಿನ್‌ನ ಹಲವು ಕೈಜಿಪಿಎಸ್‌ಗಳಲ್ಲಿ ಒಂದೇ ಜಾಗದ ಅಳತೆಯನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುವ ಸೌಲಭ್ಯವಿದೆ. ಅದರ ಕೈಪಿಡಿ ಹೇಳುವುದನ್ನು ಬಹಳ ಜನ ಓದುವುದಿಲ್ಲ: ನಾಲ್ಕರಿಂದ ಎಂಟು ಅಳತೆ ತೆಗೆಯಿರಿ, ಎರಡು ಅಳತೆಗಳ ನಡುವೆ ಕನಿಷ್ಠ 90 ನಿಮಿಷ ಬಿಡಿ. ಆ 90 ನಿಮಿಷದಲ್ಲಿ ಅರ್ಥವಿದೆ. ಜಿಪಿಎಸ್ ಉಪಗ್ರಹ ಭೂಮಿಯನ್ನು ಒಂದು ಸುತ್ತು ಬರಲು ಹನ್ನೆರಡು ಗಂಟೆಗೆ ಎರಡು ನಿಮಿಷ ಕಡಿಮೆ ಹಿಡಿಯುತ್ತದೆ. ಐದು ನಿಮಿಷದಲ್ಲಿ ಹತ್ತು ಸಲ ಅಳೆದರೂ ಉಪಗ್ರಹಗಳು ಹೆಚ್ಚುಕಡಿಮೆ ಅಲ್ಲೇ ಇರುತ್ತವೆ, ಅದೇ ಮರ ಅದೇ ಸಂಕೇತವನ್ನು ಮರೆಮಾಡುತ್ತದೆ, ಅದೇ ತಪ್ಪು ಹತ್ತು ಸಲ ಬರುತ್ತದೆ. ಒಂದೂವರೆ ಗಂಟೆ ಕಳೆದರೆ ಆಕಾಶದ ಜೋಡಣೆಯೇ ಬದಲಾಗಿ ತಪ್ಪುಗಳು ಬೇರೆ ಬೇರೆ ದಿಕ್ಕಿಗೆ ಎಳೆಯತೊಡಗುತ್ತವೆ. ಸರಾಸರಿಯಲ್ಲಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಅಳತೆಗಳು ದೋಷವನ್ನು ಅರ್ಧಕ್ಕಿಳಿಸುತ್ತವೆ.

ಫೋನಿನಲ್ಲೂ ಸರಾಸರಿ ಮಾಡುವ ಆ್ಯಪ್‌ಗಳು ಇವೆಯಲ್ಲ ಎಂದು ಕೇಳಬಹುದು. ಇವೆ, ತಾಳ್ಮೆಯಿರುವ ಮನುಷ್ಯ ಒಳ್ಳೆಯ ಎರಡು ತರಂಗಾಂತರದ ಫೋನಿನಿಂದ ಚೆನ್ನಾಗಿಯೇ ಅಳೆಯಬಹುದು. ಆದರೆ ಫೋನಿನ ಸ್ವಭಾವವನ್ನು ಗಮನಿಸಿ. ಅದು ವೈಫೈ, ಟವರ್, ಚಲನೆಯ ಸಂವೇದಕ ಎಲ್ಲವನ್ನೂ ಕಲಸಿ ನಯವಾದ ಉತ್ತರ ಕೊಡುವಂತೆ ರೂಪುಗೊಂಡಿದೆ. ಪಟ್ಟಣದಲ್ಲಿ ಟ್ಯಾಕ್ಸಿ ಕರೆಯುವವನಿಗೆ ಅದೇ ಬೇಕು. ಆ ಕಲಬೆರಕೆಯಲ್ಲಿ ಉಪಗ್ರಹದ ಮಾತು ಎಷ್ಟು, ಊಹೆ ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ಕೈಜಿಪಿಎಸ್‌ಗೆ ಉಪಗ್ರಹ ಬಿಟ್ಟರೆ ಬೇರೆ ಬಂಧುಗಳಿಲ್ಲ. ಬಂಡೆಯ ಬದಿಯಲ್ಲಿ ಒಂದು ಕೈಜಿಪಿಎಸ್ಸನ್ನು ಕಲ್ಲಿನ ಮೇಲಿಟ್ಟು, ಅದರ ಪಾಡಿಗೆ ಅದನ್ನು ಬಿಟ್ಟು, ಊಟ ಮಾಡಿ ಬರಬಹುದು. ಫೋನನ್ನು ಹಾಗೆ ಅರ್ಧ ದಿನ ಬಿಡಲು ನಮ್ಮಿಂದಾಗುವುದಿಲ್ಲ.

ಆ ಮಾತೇ ನನ್ನ ಎರಡನೆಯ ಉತ್ತರಕ್ಕೆ ದಾರಿ. ಫೋನಿನ ದೌರ್ಬಲ್ಯ ಅದರ ಆ್ಯಂಟೆನಾದಲ್ಲಿಲ್ಲ. ಅದು ನಮಗೆ ಎಲ್ಲವೂ ಆಗಿರುವುದರಲ್ಲಿದೆ. ನಕಾಶೆ, ಟಾರ್ಚು, ಕ್ಯಾಮೆರಾ, ಗಡಿಯಾರ, ಹಣ, ಅಪಾಯದಲ್ಲಿ ಕೂಗುವ ಗಂಟಲು ಎಲ್ಲವೂ ಅದೇ. ಡಬ್ಬಿ ಹುಡುಕುವುದು ಅದರ ಮೇಲೆ ನಾವು ಹೇರಬಹುದಾದ ಅತಿ ದುಬಾರಿ ಕೆಲಸಗಳಲ್ಲಿ ಒಂದು: ಬಿಸಿಲಿನಲ್ಲಿ ಕಾಣಲೆಂದು ತೆರೆ ಪೂರ್ತಿ ಬೆಳಗುತ್ತಿರಬೇಕು, ಜಿಪಿಎಸ್ ಗಂಟೆಗಟ್ಟಲೆ ಎಚ್ಚರವಿರಬೇಕು, ಸಂಕೇತ ಕ್ಷೀಣವಾದ ಕಣಿವೆಯಲ್ಲಿ ಫೋನ್ ಟವರಿಗಾಗಿ ಮತ್ತೆ ಮತ್ತೆ ಹುಡುಕಾಡುತ್ತ ಮತ್ತಷ್ಟು ಶಕ್ತಿ ಸುಡುತ್ತದೆ. ಅದರ ಮೇಲೆ ಚಳಿ. ಲಿಥಿಯಂ ಅಯಾನ್ ಬ್ಯಾಟರಿ ತಣ್ಣಗಾದಾಗ ಒಳಗಿನ ಪ್ರತಿರೋಧ ಏರಿ, ಹೊರೆ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ಹಳೆಯ ಬ್ಯಾಟರಿಯಾದರೆ ಶಕ್ತಿ ಉಳಿದಿರುವಾಗಲೇ ಫೋನ್ ತನ್ನನ್ನು ತಾನು ಮುಚ್ಚಿಕೊಳ್ಳುತ್ತದೆ. ಟಿಲ್ಲಮೂಕಿನಲ್ಲಿ ಕ್ಯಾಮೆರಾ ತೆರೆದ ಆ ಗಳಿಗೆ ನನ್ನ ಫೋನಿಗೆ ಆದದ್ದು ಇದೇ. ಉಳಿದಿದ್ದ ಶೇಕಡಾ 14 ಅಲ್ಲೇ ಇತ್ತು, ನನಗೆ ಬೇಕಾದಾಗ ಎಟುಕಲಿಲ್ಲ.

ಮಳೆಯನ್ನೂ ಸೇರಿಸಿ. ಇಂದಿನ ಫೋನ್‌ಗಳು ಮಳೆನೀರಿಗೆ ಅಷ್ಟು ಸುಲಭವಾಗಿ ಕೆಡುವುದಿಲ್ಲ, ನಿಜ. ಆದರೆ ಗಾಜಿನ ಮೇಲೆ ಹನಿ ಬಿದ್ದರೆ ಅದನ್ನೂ ಬೆರಳೆಂದು ಬಗೆಯುತ್ತವೆ. ನಕಾಶೆ ತಾನಾಗಿ ಜಾರುತ್ತದೆ, ಬೇಡದ ಗುಂಡಿ ಒತ್ತಿಕೊಳ್ಳುತ್ತದೆ, ಕೈಗವಸಿನ ಬೆರಳಿಗೆ ಜಗ್ಗುವುದಿಲ್ಲ. ಕೈಜಿಪಿಎಸ್‌ನ ಗುಂಡಿಗಳು ಗವಸಿನ ಮೇಲಿಂದಲೂ ಒತ್ತಿದರೆ ಒತ್ತಿಕೊಳ್ಳುತ್ತವೆ. ಅದರ ತೆರೆ ತನ್ನ ಮೇಲೆ ಬಿದ್ದ ಬಿಸಿಲನ್ನೇ ಬಳಸಿಕೊಂಡು ಕಾಣಿಸುವಂಥದ್ದು. ಹಗಲಿನಲ್ಲಿ ಹಿಂದಿನ ದೀಪ ಉರಿಯಬೇಕಾಗಿಲ್ಲ. ಗಾರ್ಮಿನ್‌ನ ಇಟ್ರೆಕ್ಸ್ 10, 20, 30 ಮಾದರಿಗಳಿಗೆ ಎರಡು ಎಎ ಸೆಲ್‌ಗಳಲ್ಲಿ 25 ಗಂಟೆ ಎಂದು ಕಂಪನಿ ಹೇಳಿತ್ತು. ಸೆಲ್ ಮುಗಿದರೆ ಜೇಬಿನಿಂದ ಇನ್ನೆರಡು. ಲಿಥಿಯಂ ಎಎ ಸೆಲ್‌ಗಳು ಹಿಮಗಟ್ಟುವ ಚಳಿಯಲ್ಲೂ ದುಡಿಯುತ್ತವೆ. ಇಡೀ ದಿನ ನಾವು ನಡೆದ ಹೆಜ್ಜೆಯ ಜಾಡನ್ನು ಅದು ಗೆರೆಯಾಗಿ ಬರೆದುಕೊಂಡಿರುತ್ತದೆ, ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ಯುತ್ತದೆ. ಅಷ್ಟು ಹೊತ್ತೂ ಫೋನ್ ಎದೆಯ ಒಳಜೇಬಿನಲ್ಲಿ, ಮೈಯ ಬೆಚ್ಚಗಿನಲ್ಲಿ, ಆರಿಸಿ ಇಟ್ಟದ್ದು ಇಟ್ಟಂತೆ ತುಂಬಿ ಕೂತಿರುತ್ತದೆ.

ಕೈಜಿಪಿಎಸ್ ಕೊಳ್ಳಬೇಕಾದ್ದು ಡಬ್ಬಿಯನ್ನು ಚೆನ್ನಾಗಿ ಹುಡುಕಲಿಕ್ಕಲ್ಲ, ಫೋನನ್ನು ಉಳಿಸಿಕೊಳ್ಳಲಿಕ್ಕೆ. ಇಷ್ಟು ಸರಳವಾದ ಕಾರಣವನ್ನು ಅಂಗಡಿಯವರಾಗಲಿ ಹಳಬರಾಗಲಿ ನನಗೆ ಹೇಳಿರಲಿಲ್ಲ.

ಎದುರುವಾದಗಳನ್ನು ನಾನು ಹಗುರವಾಗಿ ತಳ್ಳಿಹಾಕುತ್ತಿಲ್ಲ. ಪವರ್ ಬ್ಯಾಂಕ್ ಒಂದಿದ್ದರೆ ಸಾಲದೇ ಎಂಬುದು ಮೊದಲನೆಯದು. ಊರಲ್ಲಿ ಸಾಕು, ಮಳೆಯಲ್ಲಿ ತಂತಿ ಜೋತುಬಿದ್ದ ಫೋನ್ ಹಿಡಿದು ಪೊದೆ ನುಗ್ಗಿದವರಿಗೆ ಆ ತಂತಿ ಎಷ್ಟು ಬೇಗ ಕಿತ್ತುಬರುತ್ತದೆ, ಚಾರ್ಜಿನ ತೂತಿಗೆ ನೀರು ಹೊಕ್ಕರೆ ಏನಾಗುತ್ತದೆ ಎಂದು ಗೊತ್ತು. ವಿಮಾನ ಮೋಡ್‌ನಲ್ಲಿಟ್ಟರೆ ಬ್ಯಾಟರಿ ಉಳಿಯುತ್ತದಲ್ಲ ಎಂಬುದು ಎರಡನೆಯದು. ಇದು ಒಳ್ಳೆಯ ಸಲಹೆ. ಟವರ್ ಹುಡುಕಾಟ ನಿಲ್ಲುತ್ತದೆ, ಜಿಪಿಎಸ್ ನಡೆಯುತ್ತಿರುತ್ತದೆ. ಕೈಜಿಪಿಎಸ್ ಇಲ್ಲದವರು ಖಂಡಿತ ಹೀಗೆ ಮಾಡಬೇಕು. ಆದರೂ ತೆರೆಯ ಖರ್ಚು, ಚಳಿ, ಜಾರಿ ಬಿದ್ದು ಒಡೆಯುವ ಅಪಾಯ ಉಳಿದೇ ಇರುತ್ತವೆ. ಬಂಡೆಯ ಮೇಲೆ ಫೋನ್ ಒಡೆದರೆ ನಕಾಶೆಯೂ ಹೋಯಿತು, ಸಹಾಯಕ್ಕೆ ಕರೆಯುವ ದಾರಿಯೂ ಹೋಯಿತು. ಎರಡು ಉಪಕರಣ ಒಯ್ದವನು ಒಂದನ್ನಷ್ಟೇ ಕಳೆದುಕೊಳ್ಳುತ್ತಾನೆ.

ಮೂರನೆಯ ಆಕ್ಷೇಪ ಹಣದ್ದು. ಹೊಸ ಕೈಜಿಪಿಎಸ್ ಬೆಲೆ ನೂರೈವತ್ತು ಡಾಲರಿನ ಆಸುಪಾಸಿನಿಂದ ಐನೂರು ದಾಟುವವರೆಗೂ ಇದೆ. ವರ್ಷಕ್ಕೆ ನಾಲ್ಕು ಸಲ ಕಾಡಿಗೆ ಹೋಗುವವರಿಗೆ ಇದು ಹೊರೆಯೇ. ನನ್ನ ಮಾತು ಇಷ್ಟು: ಐನೂರರದ್ದು ಬೇಕಾಗಿಲ್ಲ. ಬಣ್ಣದ ನಕಾಶೆಯಿಲ್ಲದ ಹಳೆಯ ಸಾದಾ ಮಾದರಿಗೂ ಹೊರಟ ಜಾಗಕ್ಕೆ ಮರಳುವ ದಿಕ್ಕು ತೋರಿಸುವುದು ಗೊತ್ತು. ಸೆಕೆಂಡ್‌ಹ್ಯಾಂಡಾದರೂ ಸರಿ, ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸರಿ. ಹಿಲ್ಸ್‌ಬರೊ, ಬೀವರ್ಟನ್ ಎಂಬ ಪೋರ್ಟ್‌ಲ್ಯಾಂಡಿನ ನೆರೆಯೂರುಗಳ ನಮ್ಮ ಕನ್ನಡ ಬಳಗದಲ್ಲಿ ಡೇರೆ, ಮಲಗುವ ಚೀಲ ಮನೆಯಿಂದ ಮನೆಗೆ ಸುತ್ತುವ ಹಾಗೆ ಒಂದು ಹಳದಿ ಕೈಜಿಪಿಎಸ್ಸೂ ಈಗ ಸುತ್ತುತ್ತಿದೆ.

ಕೊಳ್ಳುವವರು ಅದರ ಕೊರತೆಗಳನ್ನೂ ತಿಳಿದಿರಲಿ. ಒಂದೊಂದೇ ಅಕ್ಷರವನ್ನು ಗುಂಡಿಯೊತ್ತಿ ಬರೆಯುವುದು ಶಿಕ್ಷೆ. ಡಬ್ಬಿಗಳ ಪಟ್ಟಿಯನ್ನು ಹಿಂದಿನ ರಾತ್ರಿಯೇ ಕಂಪ್ಯೂಟರಿನಿಂದ ತುಂಬಿಕೊಳ್ಳಬೇಕು. ದಿಕ್ಸೂಚಿಯಿಲ್ಲದ ಅಗ್ಗದ ಮಾದರಿಗಳು ನಾವು ನಡೆಯುತ್ತಿದ್ದಾಗ ಮಾತ್ರ ದಿಕ್ಕು ಹೇಳುತ್ತವೆ. ನಿಂತರೆ ಬಾಣ ತಬ್ಬಿಬ್ಬಾಗುತ್ತದೆ.

ಊರಿಗೆ, ಕರ್ನಾಟಕಕ್ಕೆ, ಇದೇ ಹವ್ಯಾಸವನ್ನು ಹೊತ್ತು ಬರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಉಪಗ್ರಹದ ಮಾತನ್ನು ಕೇಳುವ ಕೈಜಿಪಿಎಸ್ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಕೈಜಿಪಿಎಸ್ ಬೇರೆ. ಇನ್‌ರೀಚ್ ಎಂಬ ಹೆಸರಿನ ಎರಡನೆಯ ಬಗೆ ಅಮೆರಿಕದ ಚಾರಣಿಗರಲ್ಲಿ ಬಲು ಸಾಮಾನ್ಯ. ಜಿಪಿಎಸ್‌ಮ್ಯಾಪ್ ಸರಣಿಯಲ್ಲಿ ಕೆಲವು ಮಾದರಿಗಳ ಒಳಗೇ ಅದು ಅಡಕವಾಗಿರುತ್ತದೆ, ಹೆಸರಿನ ಕೊನೆಗೆ ‘ಐ’ ಎಂಬ ಒಂದೇ ಅಕ್ಷರದ ಗುರುತು. ಭಾರತದಲ್ಲಿ ಉಪಗ್ರಹ ಸಂವಹನದ ಉಪಕರಣವನ್ನು ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಇದನ್ನು ತಿಳಿಯದೆ ಬಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಪ್ರಕರಣ ದಾಖಲಿಸಿದ್ದೂ ಇದೆ. ಪ್ರಾಣ ಉಳಿಸಲೆಂದು ಕೊಂಡದ್ದು ಪೊಲೀಸ್ ಠಾಣೆಗೆ ಒಯ್ಯಬಾರದಲ್ಲ. ಊರಿಗೆ ಬರುವಾಗ ಬರೀ ಕೇಳಿಸಿಕೊಳ್ಳುವ ಮಾದರಿಯನ್ನಷ್ಟೇ ತನ್ನಿ.

ತಂದರೆ ಅದಕ್ಕೆ ಊರಿನಲ್ಲಿ ಕೆಲಸ ಕಡಿಮೆಯೇನಿಲ್ಲ. ಪೋರ್ಟ್‌ಲ್ಯಾಂಡಿನವರು ತಮ್ಮ ಮಳೆಯ ಬಗ್ಗೆ ಬಹಳ ಹೇಳಿಕೊಳ್ಳುತ್ತಾರೆ. ಅಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಪಶ್ಚಿಮ ಘಟ್ಟದ ಎಷ್ಟೋ ಕಣಿವೆಗಳಲ್ಲಿ ಫೋನಿಗೆ ಸಂಕೇತವೇ ಇಲ್ಲ, ನೆತ್ತಿಯ ಮೇಲೆ ಮರದ ಚಪ್ಪರ ಬಿಗಿದಿರುತ್ತದೆ, ಮಂಜು ಇಳಿದರೆ ಹತ್ತು ಹೆಜ್ಜೆ ಆಚೆ ಕಾಣುವುದಿಲ್ಲ. ಡಬ್ಬಿ ಇಡಲು ಜಾಗದ ಒಡೆಯರ ಅನುಮತಿ ಬೇಕೆಂಬುದು ಈ ಆಟದ ಮೂಲ ನಿಯಮ. ನಮ್ಮ ರಕ್ಷಿತ ಕಾಡುಗಳಲ್ಲಿ ಆ ಅನುಮತಿಯಿಲ್ಲದೆ ಯಾರೂ ಏನನ್ನೂ ಬಚ್ಚಿಡಬಾರದು. ಆದರೆ ನಡೆಯುವ ದಾರಿಯ ಜಾಡು ಉಳಿಸಿಕೊಳ್ಳುವುದಕ್ಕೆ, ಫೋನನ್ನು ಕಾಪಾಡಿಕೊಳ್ಳುವುದಕ್ಕೆ ಡಬ್ಬಿಯೇ ಬೇಕೆಂದೇನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಕೊನೆಯ ಹತ್ತು ಮೀಟರಿನಲ್ಲಿ ಎರಡನ್ನೂ ಜೇಬಿಗಿಳಿಸಬೇಕು. ಬಾಣ ಎಡಕ್ಕೆ ಹೊರಳಿತು, ಈಗ ಬಲಕ್ಕೆ ಹೊರಳಿತು ಎಂದು ಅದರ ಹಿಂದೆ ಗಿರಕಿ ಹೊಡೆಯುವವರು ತಮ್ಮ ಉಪಕರಣದ ದೋಷವನ್ನು ಕಾಲಿನಿಂದ ನೆಲದ ಮೇಲೆ ಬರೆಯುತ್ತಿರುತ್ತಾರೆ. ಆಗ ಬೇಕಾದ್ದು ಕಣ್ಣು. ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ಈ ಕಣ್ಣಿನ ಪರಿಚಯವಿದೆ. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಅವು ಮೂಡಣಕ್ಕೆ ಯಾವ ಹುತ್ತ, ತೆಂಕಣಕ್ಕೆ ಯಾವ ಹಳ್ಳ, ಪಡುವಣಕ್ಕೆ ಯಾವ ಮರ, ಬಡಗಣಕ್ಕೆ ಯಾವ ನಟ್ಟ ಕಲ್ಲು ಎಂದು ಒಂದೊಂದಾಗಿ ಎಣಿಸುತ್ತ ಹೋಗುತ್ತವೆ. ಆ ನೆಲದಲ್ಲಿ ಸಿಗಬಹುದಾದ ನಿಧಿ, ನಿಕ್ಷೇಪ ಯಾರಿಗೆ ಸೇರಬೇಕೆಂದೂ ಮರೆಯದೆ ಬರೆಯುತ್ತವೆ. ಅಕ್ಷಾಂಶದಲ್ಲಿ ವಿಳಾಸ ಬರೆಯದ ಕಾಲದ ಆ ಬರಹಗಾರ, ಮುಂದೆ ಬರುವ ಅಪರಿಚಿತನ ಕಣ್ಣಿಗೆ ಏನು ಬೀಳುತ್ತದೆ ಎಂದು ಯೋಚಿಸಿ ಬರೆದಿದ್ದಾನೆ. ಡಬ್ಬಿಯ ವಿಳಾಸದ ಕೆಳಗೆ ಕೊಡುವ ಒಂದು ಸಾಲಿನ ಸುಳಿವೂ ಹಾಗೇ ಇರಬೇಕು. ಹತ್ತು ಮೀಟರ್ ದೂರಕ್ಕೆ ಬಂದವನು ತಲೆಯೆತ್ತಿ, ನೂರು ಮರಗಳಲ್ಲಿ ಬೇರೆಯಾಗಿ ನಿಂತ ಒಂದು ಮರವನ್ನು, ಯಾರೋ ಜೋಡಿಸಿಟ್ಟಂತೆ ಕಾಣುವ ಕಡ್ಡಿಗಳ ರಾಶಿಯನ್ನು ಗುರುತಿಸಬೇಕು. ಮಕ್ಕಳು ಇದರಲ್ಲಿ ನಮಗಿಂತ ಮುಂದೆ, ಅವರ ಕೈಯಲ್ಲಿ ಏನೂ ಇರುವುದಿಲ್ಲವಲ್ಲ.

ಟಿಲ್ಲಮೂಕಿನ ಆ ಸಂಜೆಯ ನಂತರ ಬಂದ ವಸಂತದಲ್ಲಿ ನಾವು ನಮ್ಮದೇ ಒಂದು ಡಬ್ಬಿ ಇಟ್ಟೆವು. ಉದ್ಯಾನದವರಿಂದ ಅನುಮತಿ ಪಡೆದು, ಒಂದು ಮುದಿ ಸೀಡರ್ ಮರದ ಬುಡದ ಪೊಟರೆಯನ್ನು ಆರಿಸಿಕೊಂಡೆವು. ಬೆಳಿಗ್ಗೆ ಹತ್ತಕ್ಕೆ ಮೊದಲ ಅಳತೆ. ಹನ್ನೊಂದೂವರೆಗೆ ಎರಡನೆಯದು. ಚಿತ್ರಾನ್ನದ ಬುತ್ತಿ ಬಿಚ್ಚಿ ಊಟ ಮಾಡಿ, ಒಂದು ಗಂಟೆಗೆ ಮೂರನೆಯದು. ಎರಡೂವರೆಗೆ ನಾಲ್ಕನೆಯದು. ಅಕ್ಷಾಂಶದ ಕೊನೆಯ ಮೂರಂಕಿ 412, 416, 411, 413 ಎಂದು ಬಂದವು. ಸರಾಸರಿ ತೆಗೆದು 413 ಎಂದು ಬರೆದುಕೊಂಡೆ. ಮೊದಲ ಅಳತೆಗೇ ತೃಪ್ತಿಪಟ್ಟಿದ್ದರೂ ಹೆಚ್ಚು ಕೆಡುತ್ತಿರಲಿಲ್ಲ. ಎರಡನೆಯದೇ ಮೊದಲಾಗಿದ್ದರೆ ಐದೂವರೆ ಮೀಟರ್ ಕೆಡುತ್ತಿತ್ತು. ಯಾವುದು ಯಾವುದೆಂದು ಒಂದೇ ಸಲ ಅಳೆದವನಿಗೆ ತಿಳಿಯುವ ಬಗೆಯಿಲ್ಲ. ಫೋನ್ ಇಡೀ ದಿನ ಚೀಲದಲ್ಲಿತ್ತು.

ಎರಡು ತಿಂಗಳು ಬಿಟ್ಟು ಡಬ್ಬಿಯ ಯೋಗಕ್ಷೇಮ ನೋಡಲು ಹೋದೆವು. ಪುಸ್ತಕದಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು. ಒಂದು ಕಡೆ ಸೀಸದಕಡ್ಡಿಯ ಡೊಂಕು ಅಕ್ಷರಗಳಲ್ಲಿ ಯಾವುದೋ ಮಗು ಬರೆದಿತ್ತು, ಮೊದಲು ಕೈ ಹಾಕಿದ ಕಡೆಯೇ ಇತ್ತು ಎಂದು. ಮರದ ಸುತ್ತ ಪಾಚಿ ಹಾಗೇ ಇತ್ತು.